ಬೆನ್ ಏವರಿಯಲ್ಲಿ ಒಂದು ಅರ, ಒಂದು ರಿವಾಲ್ವರ್

ಗ್ರ್ಯಾಂಡ್ ಕ್ಯಾನ್ಯನ್ ನೋಡಿದೆ, ಸೆಡೋನಾ ನೋಡಿದೆ. ಎರಡೂ ಚೆನ್ನಾಗಿವೆ, ಅವುಗಳ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ಅರಿಜೋನಾದಿಂದ ಬಂದಮೇಲೂ ನನ್ನ ತಲೆಯಲ್ಲಿ ಕೂತಿರುವುದು ಮಾತ್ರ ಫೀನಿಕ್ಸಿನ ಉತ್ತರಕ್ಕಿರುವ ಬೆನ್ ಏವರಿ ಶೂಟಿಂಗ್ ರೇಂಜಿನ ಒಂದು ಬೆಳಗು.

ನಾವು ವಿರಾಜಪೇಟೆ ಕಡೆಯವರು. ಕೊಡವರ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್ ದಿನ ಕೋವಿಗೆ ತೋಕ್ ಪೂ (ಕೋವಿ ಹೂವು) ಇಟ್ಟು ಪೂಜೆ ಮಾಡಿ, ಆಮೇಲೆ ತೆಂಗಿನಕಾಯಿಗೆ ಗುರಿ ಹಿಡಿಯುವುದು ನಮ್ಮಲ್ಲಿ ಹೆಣ್ಣುಮಕ್ಕಳಿಗೂ ರೂಢಿ. ಆದರೆ ರಿವಾಲ್ವರ್ ನನ್ನ ಕೈಗೆ ಬಂದಿರಲೇ ಇಲ್ಲ. ಅಲ್ಲಿಯ ಪ್ರಜೆಯೇ ಆಗಿರುವ ನನ್ನ ತಮ್ಮನ ಬಳಿ ರೂಗರ್ ಕಂಪನಿಯ ನ್ಯೂ ವಕೇರೊ ಇದೆ: .45 ಕೋಲ್ಟ್ ಅನ್ನುವ ಅಳತೆಯ ತೋಟಾದ್ದು, ಐದೂವರೆ ಇಂಚಿನ ನಳಿಗೆ. ಸಿಂಗಲ್ ಆಕ್ಷನ್ ಆದ್ದರಿಂದ ಪ್ರತಿ ಗುಂಡಿಗೂ ಹೆಬ್ಬೆರಳಿನಿಂದ ಕುದುರೆ (ತೋಟಾಕ್ಕೆ ಪೆಟ್ಟು ಕೊಡುವ ಹ್ಯಾಮರ್) ಎಳೆಯಲೇಬೇಕು. ಎಳೆದ ಕುದುರೆಯನ್ನು ಬಿಡುವುದಷ್ಟೇ ಟ್ರಿಗರಿನ ಕೆಲಸ.

ಬೆನ್ ಏವರಿಗೆ ಮುಂಚೆ ಊರೊಳಗಿನ ಒಂದು ರೇಂಜಿಗೆ ಹೋಗಿದ್ದೆವು. ಫೋನಿನಲ್ಲಿ "ಪಾಸ್‌ಪೋರ್ಟ್ ತನ್ನಿ, ಸಾಕು" ಅಂದವರು ಕೌಂಟರಿನಲ್ಲಿ ನನ್ನ ವೀಸಾ ನೋಡಿ ವಾಪಸ್ ಕಳಿಸಿದರು. ಕಾನೂನು ಇರುವುದೇ ಹಾಗೆ: ವಿಸಿಟರ್ ವೀಸಾದಲ್ಲಿ ಬಂದವರು ಅಮೆರಿಕದಲ್ಲಿ ಬಂದೂಕನ್ನಾಗಲಿ ತೋಟಾಗಳನ್ನಾಗಲಿ ಇಟ್ಟುಕೊಳ್ಳುವಂತಿಲ್ಲ. ಅಲ್ಲಿಯ ಯಾವುದಾದರೂ ರಾಜ್ಯದ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ಕೈಯಲ್ಲಿದ್ದರೆ ವಿನಾಯಿತಿ ಸಿಗುತ್ತದೆ. ಈ ಒಂದು ಮಾತನ್ನು ಫೋನಿನಲ್ಲೇ ಹೇಳಿದ್ದರೆ ಅರ್ಧ ದಿನ ಹಾಳಾಗುತ್ತಿರಲಿಲ್ಲ. ಈಗಲೂ ನೆನೆಸಿಕೊಂಡರೆ ಸಿಟ್ಟು ಬರುತ್ತದೆ. ಹೋಗುವ ಆಸೆ ಇರುವವರು ರಾಜ್ಯದ ಗೇಮ್ ಅಂಡ್ ಫಿಶ್ ಇಲಾಖೆಯ ವೆಬ್‌ಸೈಟಿನಲ್ಲಿ ಲೈಸೆನ್ಸ್ ಪಡೆದು, ಪ್ರಿಂಟ್ ಕೈಯಲ್ಲಿಟ್ಟುಕೊಂಡೇ ಹೊರಡಿ.

ನಡುವೆ ಟೂಂಬ್‌ಸ್ಟೋನ್‌ಗೂ ಹೋಗಿಬಂದೆವು. 1881ರ ಅಕ್ಟೋಬರ್ 26ರಂದು ಓ.ಕೆ. ಕೊರಾಲ್ ಹತ್ತಿರ ನಡೆದ ಗುಂಡಿನ ಕಾಳಗದ ಊರು. ಕಾಳಗ ಮುಗಿಯಲು ಅರ್ಧ ನಿಮಿಷ ಹಿಡಿದಿತ್ತಂತೆ. ಈಗ ಅದನ್ನೇ ಖಾಲಿ ತೋಟಾ ಹಾರಿಸಿ, ಟಿಕೆಟ್ ಮಾರಿ ಆಡಿ ತೋರಿಸುತ್ತಾರೆ. ನನಗೆ ರುಚಿಸಲಿಲ್ಲ.

ಬೆನ್ ಏವರಿ ಬೇರೆಯೇ ಲೋಕ. ಕೌಬಾಯ್ ಶೂಟಿಂಗ್ ಆಡುವವರು ಹಳೇ ಕಾಲದ ಉಡುಪು ತೊಟ್ಟು, ನೋಂದಾಯಿಸಿಕೊಂಡ ಅಡ್ಡಹೆಸರಿನಲ್ಲೇ ಒಬ್ಬರನ್ನೊಬ್ಬರು ಕರೆಯುತ್ತಾರೆ. ಪ್ರತಿಯೊಬ್ಬರ ಬಳಿ ಎರಡು ಸಿಂಗಲ್ ಆಕ್ಷನ್ ರಿವಾಲ್ವರ್, ಒಂದು ಲೀವರ್ ರೈಫಲ್, ಒಂದು ಶಾಟ್‌ಗನ್. ಬೇಗ ಮುಗಿಸಿದವರೇ ಮುಂದು, ಉಕ್ಕಿನ ಗುರಿಹಲಗೆ ತಪ್ಪಿದರೆ ಒಂದೊಂದಕ್ಕೂ ಐದು ಸೆಕೆಂಡ್ ದಂಡ. ಆರು ಮನೆಯ ಸಿಲಿಂಡರಿಗೆ ಐದೇ ತೋಟಾ ತುಂಬುತ್ತಾರೆ: ಒಂದು ಹಾಕಿ, ಒಂದು ಮನೆ ಬಿಟ್ಟು, ಮತ್ತೆ ನಾಲ್ಕು ಹಾಕಿ, ಕುದುರೆ ಪೂರ್ತಿ ಎಳೆದು ಮೆಲ್ಲಗೆ ಇಳಿಸಿದರೆ ಅದು ಖಾಲಿ ಮನೆಯ ಮೇಲೇ ಕೂರುತ್ತದೆ. 1873ರ ಕೋಲ್ಟ್‌ನಲ್ಲಿ ಕುದುರೆಯ ಮೊನೆ ನೇರವಾಗಿ ಕೇಪಿನ (ತೋಟಾದ ಹಿಂಬದಿಯಲ್ಲಿ ಕಿಡಿ ಹೊತ್ತಿಸುವ ಭಾಗ) ಮೇಲೆ ಕೂರುತ್ತಿತ್ತು, ಕೈಜಾರಿ ಬಿದ್ದರೆ ಗುಂಡು ಹಾರುವ ಭಯ. ರೂಗರ್ ಕಂಪನಿ 1973ರಲ್ಲಿ, ಟ್ರಿಗರ್ ಒತ್ತಿದಾಗ ಮಾತ್ರ ಕುದುರೆಯ ಪೆಟ್ಟನ್ನು ದಾಟಿಸುವ ಟ್ರಾನ್ಸ್‌ಫರ್ ಬಾರ್ ತಂದು ಆ ಭಯವನ್ನು ನೀಗಿಸಿತು. ಆಟದ ನಿಯಮ ಮಾತ್ರ ಎಲ್ಲರಿಗೂ ಐದೇ.

ಅಲ್ಲಿ ಒಬ್ಬ ಅಜ್ಜ ಸಿಕ್ಕರು, ತಮ್ಮನಿಗೆ ಹಳೆಯ ಪರಿಚಯ. ಹಿಂದೆ ಮೆಷಿನ್ ಶಾಪಿನಲ್ಲಿದ್ದವರು, ಈಗ ರಿವಾಲ್ವರುಗಳನ್ನು ಹದ ಮಾಡಿಕೊಡುತ್ತಾರೆ. ತಮ್ಮನ ಹತ್ತಿರ ದೊಡ್ಡ ಪಟ್ಟಿಯೇ ಇತ್ತು: ಜಿಂಕೆ ಕೊಂಬಿನ ಹಿಡಿ, ಹಗುರ ಸ್ಪ್ರಿಂಗ್, ಅಗಲ ಕುದುರೆ. ಅಜ್ಜ ಪೂರ್ತಿ ಕೇಳಿಸಿಕೊಂಡು, "ಗುಂಡು ಎಲ್ಲಿ ಬೀಳುತ್ತಿದೆ?" ಎಂದು ಕೇಳಿದರು.

"ಕೆಳಗೆ. ಸ್ವಲ್ಪ ಎಡಕ್ಕೂ ಹೋಗುತ್ತೆ."

"ಮೊದಲು ಅದು ಸರಿಯಾಗಲಿ. ಸ್ಪ್ರಿಂಗ್ ಹಗುರ ಮಾಡಿಬಿಟ್ಟು ಕೇಪೇ ಹೊಡೆಯದಿದ್ದರೆ ಕೊಂಬಿನ ಹಿಡಿ ಕಟ್ಟಿಕೊಂಡು ಏನು ಮಾಡ್ತೀಯ? ಯಾವ ತೋಟಾ ಹಾಕ್ತೀಯ?"

"ಸಿಕ್ಕಿದ್ದು."

ಅಜ್ಜನಿಗೆ ಅದು ಹಿಡಿಸಲಿಲ್ಲ. ಭಾರದ, ನಿಧಾನದ ಗುಂಡು ನಳಿಗೆಯೊಳಗೆ ಹೆಚ್ಚು ಹೊತ್ತು ಇರುತ್ತದೆ, ಅಷ್ಟರಲ್ಲಿ ಧಕ್ಕೆಗೆ ನಳಿಗೆಯ ಮೂತಿ ಏಳುತ್ತದೆ, ಹಾಗಾಗಿ ಗುಂಡು ಮೇಲೆ ಬೀಳುತ್ತದೆ, ಹಗುರದ್ದು ಕೆಳಗೆ. ಈ ಜಾತಿಯ ರಿವಾಲ್ವರಿನಲ್ಲಿ ಗುರಿ ನೋಡುವ ಸೈಟನ್ನು ಸರಿಸಲು ಆಗುವುದಿಲ್ಲವಾದ್ದರಿಂದ ಮುಂದಿನ ಸೈಟನ್ನು ತುಸು ಎತ್ತರವಾಗಿಯೇ ಬಿಟ್ಟಿರುತ್ತಾರೆ. ಒಂದು ತೋಟಾ ಗೊತ್ತುಮಾಡಿಕೊಂಡು ಅದಕ್ಕೆ ತಕ್ಕಂತೆ ಅರ ಹಾಕಿ ತಗ್ಗಿಸಬೇಕು. ತಗ್ಗಿಸಿದಷ್ಟೂ ಗುಂಡು ಮೇಲೇರುತ್ತದೆ. 250 ಗ್ರೇನಿನ (ಸುಮಾರು 16 ಗ್ರಾಂ) ಸೀಸದ ಗುಂಡು ಎಂದು ತೀರ್ಮಾನವಾಯಿತು. ಅಜ್ಜ ಮರಳಚೀಲಕ್ಕೆ ಕೈ ಒರಗಿಸಿ 25 ಗಜದಿಂದ ತಾವೇ ಹೊಡೆದು ನೋಡಿದರು. ನಡುಮಧ್ಯದಲ್ಲೇ, ಆದರೆ ನಾಲ್ಕು ಇಂಚು ಕೆಳಗೆ.

ತೋಟಾ ತೆಗೆದು, ಸಿಲಿಂಡರನ್ನೇ ಕಳಚಿ ಪಕ್ಕಕ್ಕಿಟ್ಟರು. ನಳಿಗೆಗೆ ಟೇಪು ಸುತ್ತಿ, ಚಪ್ಪಟೆ ಅರ ಹಿಡಿದು ಸೈಟಿನ ನೆತ್ತಿಯ ಮೇಲೆ ಒಂದೇ ದಿಕ್ಕಿಗೆ ನೂಕಿದರು, ಹಿಂದಕ್ಕೆ ಎಳೆಯಲಿಲ್ಲ. ಕೆಲವೇ ಸಲ. ಟೇಪಿನ ಮೇಲೆ ರಂಗೋಲಿ ಪುಡಿಯಷ್ಟು ನುಣ್ಣನೆಯ ಉಕ್ಕಿನ ಧೂಳು. ಕಾಲು ಮಿಲಿಮೀಟರ್ ಹೋದರೆ 25 ಗಜದಲ್ಲಿ ಹೆಚ್ಚುಕಡಿಮೆ ಒಂದೂಕಾಲು ಇಂಚು ಮೇಲೇರುತ್ತದೆ ಎಂದರು. ಸಿಲಿಂಡರ್ ಸೇರಿಸಿ ಹೊಡೆದರು, ಏರಿತ್ತು. ಮತ್ತೆ ಕಳಚು, ಮತ್ತೆ ಅರ. ಕಣ್ಣಿಗೆ ಕಾಣದಷ್ಟು ಉಕ್ಕು ಹೋದಾಗೆಲ್ಲ ಕಾಗದದ ಮೇಲಿನ ತೂತುಗಳು ಮೇಲಕ್ಕೆ ಸರಿಯುವುದನ್ನು ನೋಡುತ್ತಾ ನನಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ. ಒಂದು ಇಂಚು ಬಾಕಿ ಇರುವಾಗಲೇ ನಿಲ್ಲಿಸಿದರು.

"ಇನ್ನು ಸ್ವಲ್ಪವಲ್ಲವಾ?" ಅಂದೆ.

"ಹೆಚ್ಚಾಗಿ ತೆಗೆದರೆ ವಾಪಸ್ ಅಂಟಿಸೋಕೆ ಆಗಲ್ಲ. ಇವನು ಇನ್ನೊಂದು ಇನ್ನೂರು ಗುಂಡು ಹೊಡೀಲಿ, ಆಮೇಲೆ ನೋಡೋಣ." ಬಿಳಿ ಉಕ್ಕು ಕಾಣುತ್ತಿದ್ದ ಜಾಗಕ್ಕೆ ಉಕ್ಕನ್ನು ಕಪ್ಪಾಗಿಸುವ ಕೋಲ್ಡ್ ಬ್ಲೂ ದ್ರವ ಹಚ್ಚಿ ಒರೆಸಿದರು.

ಬಳಿಕ ತಮ್ಮದೇ ಹಳೆಯ ಕೋಲ್ಟನ್ನು ನನ್ನ ಕೈಗಿತ್ತರು. ಅದರ ಕುದುರೆ ಎಳೆಯುವಾಗ ನಾಲ್ಕು ಸಲ ಟಿಕ್ ಅನ್ನುತ್ತದೆ, ಹೆಬ್ಬೆರಳಿಗೆ ಒಂದೊಂದೂ ಬೇರೆಯಾಗಿ ತಿಳಿಯುತ್ತದೆ. ತಮ್ಮನ ರಿವಾಲ್ವರಿನಲ್ಲಿ ಆ ಸುಖ ಇಲ್ಲ. ಅದು ಭದ್ರ, ಸ್ಪ್ರಿಂಗ್ ಮುರಿಯುವ ಚಿಂತೆ ಕಡಿಮೆ, ಆದರೂ ನನ್ನ ಮನಸ್ಸು ಹೋದದ್ದು ಕೋಲ್ಟಿನ ಕಡೆಗೇ.

ಎಡಕ್ಕೆ ಹೋಗುವ ವಿಚಾರ ತಮ್ಮ ಬಿಡಲಿಲ್ಲ. ನಳಿಗೆಯನ್ನು ಚೂರು ತಿರುಗಿಸಿ ಸರಿಮಾಡಿ ಅಂದ. "ನಾನು ಹೊಡೆದಾಗ ಹೋಗಲಿಲ್ಲವಲ್ಲ," ಅಂದ ಅಜ್ಜ ನನ್ನ ಕಡೆ ಕೈ ತೋರಿಸಿ, "ನಿನ್ನ ಅಕ್ಕ ಹೊಡೀಲಿ," ಅಂದರು. ಲೈಸೆನ್ಸಿನ ಪ್ರಿಂಟ್ ಜೇಬಿನಲ್ಲೇ ಇತ್ತು. ಐದು ತೋಟಾ ತುಂಬಿದೆ. ಪ್ರತಿ ಸಲವೂ ಕುದುರೆ ಎಳೆದು, ಉಸಿರು ಬಿಟ್ಟು, ಸೈಟ್ ಕೂರಿಸಿ, ಊರಿನಲ್ಲಿ ಚಿಕ್ಕಪ್ಪ ಹೇಳಿಕೊಟ್ಟ ಹಾಗೆ ಟ್ರಿಗರನ್ನು ಹಿಂಡುತ್ತಾ ಹೋದೆ. ಐದೂ ನಡುವಿನ ಗೆರೆಯ ಅಕ್ಕಪಕ್ಕದಲ್ಲೇ ಬಿದ್ದಿದ್ದವು.

ತಮ್ಮ ಕಾಗದ ನೋಡಿ, "ಅಕ್ಕ, ಹಾಗಾದ್ರೆ ನಾನು ಟ್ರಿಗರ್ ಜಗ್ಗುತ್ತಿದ್ದೀನಾ?" ಅಂದ. ನಳಿಗೆ ತಿರುಗಿಸುವ ಮಾತು ಅಲ್ಲಿಗೆ ಮುಗಿಯಿತು.