ಧರ್ಮದ ಪಾಠಕ್ಕೆ ಬೇರೆ ಪಿರಿಯಡ್ ಬೇಕೆ?

ಶಾಲೆಯಲ್ಲಿ ವಾರಕ್ಕೊಂದು ಪಿರಿಯಡ್ಡನ್ನಾದರೂ ಧರ್ಮದ ಪಾಠಕ್ಕೆ ಮೀಸಲಿಡಬೇಕು ಎಂಬ ಮಾತು ನಮ್ಮ ವಿಜಯಪುರದಲ್ಲಿ ಪಾಲಕರು ನಾಲ್ಕು ಜನ ಸೇರಿದಲ್ಲೆಲ್ಲ ಏಳುತ್ತದೆ. ಮಕ್ಕಳು ಮೊಬೈಲಿನಿಂದ ತಲೆ ಎತ್ತುವುದಿಲ್ಲ, ಹಿರಿಯರ ಮಾತಿಗೆ ಬೆಲೆ ಕೊಡುವುದಿಲ್ಲ ಎಂಬ ಕಳವಳ ಅದರ ಹಿಂದಿರುವುದರಿಂದ ಆ ಬೇಡಿಕೆಯನ್ನು ಹಗುರವಾಗಿ ತಳ್ಳಿಹಾಕುವುದು ಸರಿಯಲ್ಲ. ಆದರೂ ಅದಕ್ಕೆ ನನ್ನ ಸಮ್ಮತಿಯಿಲ್ಲ.

ಕಾನೂನಿನ ಮಾತನ್ನು ಮೊದಲು ಮುಗಿಸಿಬಿಡುತ್ತೇನೆ. ಸಂವಿಧಾನದ 28ನೇ ವಿಧಿಯ ಪ್ರಕಾರ, ಸಂಪೂರ್ಣವಾಗಿ ಸರ್ಕಾರದ ಹಣದಿಂದ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆಗೆ ಅವಕಾಶವಿಲ್ಲ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಗಳಲ್ಲಿ ಅಂಥ ಬೋಧನೆಯಿದ್ದರೂ ಪಾಲಕರ ಒಪ್ಪಿಗೆಯಿಲ್ಲದೆ ಮಗುವನ್ನು ಅದರಲ್ಲಿ ಕೂರಿಸುವಂತಿಲ್ಲ. ಧರ್ಮಗಳ ಕುರಿತು ತಿಳಿವಳಿಕೆ ನೀಡುವುದು ಬೇರೆ, ಅದಕ್ಕೆ ಈ ನಿರ್ಬಂಧ ತಗಲುವುದಿಲ್ಲ ಎಂದು 2002ರಲ್ಲಿ, ಶಾಲಾ ಪಠ್ಯಕ್ರಮವನ್ನು ಪ್ರಶ್ನಿಸಿದ್ದ ಅರುಣಾ ರಾಯ್ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ಹೇಳಿತು. ದೇಶದ ಶಿಕ್ಷಣ ವ್ಯವಸ್ಥೆಯನ್ನು ಪರಿಶೀಲಿಸಿದ 1964–66ರ ಕೊಠಾರಿ ಆಯೋಗವೂ ಈ ಎರಡನ್ನು ಬೇರೆ ಬೇರೆಯಾಗಿಯೇ ಕಂಡಿತ್ತು.

ಒಪ್ಪಿಗೆಯ ನಿಯಮ ಕಾಗದದ ಮೇಲೆ ಚೆನ್ನಾಗಿದೆ. ಆದರೆ ಹೆಡ್‌ಮಾಸ್ತರರ ಮುಂದೆ ನಿಂತು ‘ನಮ್ಮ ಮಗುವಿಗೆ ಬೇಡ’ ಎಂದು ಬರೆದುಕೊಡುವ ಧೈರ್ಯ ಎಷ್ಟು ಮನೆಗಳಿಗಿದೆ, ಆ ಪಿರಿಯಡ್ಡಿನಲ್ಲಿ ಒಂದಿಬ್ಬರು ಮಕ್ಕಳೇ ಎದ್ದು ಹೊರಗೆ ಹೋದರೆ ಉಳಿದ ಮಕ್ಕಳು ಅವರನ್ನು ಹೇಗೆ ನೋಡುತ್ತಾರೆ ಎಂಬುದನ್ನು ಯಾವ ವಿಧಿಯೂ ನೋಡಿಕೊಳ್ಳಲಾರದು. ಪಿರಿಯಡ್ ಬಂದಮೇಲೆ ಪರೀಕ್ಷೆಯೂ ಬರುತ್ತದೆ, ಅಂಕವೂ ಬರುತ್ತದೆ. ಉಪನಯನ ಒಲ್ಲೆನೆಂದು ಬಾಗೇವಾಡಿಯ ಮನೆ ಬಿಟ್ಟು ಕೂಡಲಸಂಗಮದ ದಾರಿ ಹಿಡಿದರೆಂದು ಪರಂಪರೆ ಹೇಳುವ ಬಸವಣ್ಣನವರು ಬಿಟ್ಟ ಸ್ಥಳ ತುಂಬುವ ಒಂದಂಕದ ಪ್ರಶ್ನೆಯಾಗಿ ಉಳಿದರೆ, ಅದರಿಂದ ಯಾರಿಗೆ ಯಾವ ಸಂಸ್ಕಾರ ಸಿಕ್ಕೀತು?

ಹಾಗೆಂದು ಧರ್ಮದ ಮಾತೇ ತರಗತಿಗೆ ಬರಬಾರದೆಂದು ನಾನು ಹೇಳುತ್ತಿಲ್ಲ, ಏಕೆಂದರೆ ಅದಿಲ್ಲದೆ ನಮ್ಮ ಸೀಮೆಯ ಇತಿಹಾಸವನ್ನು ಕಲಿಸುವುದೇ ಸಾಧ್ಯವಿಲ್ಲ. ಬಾದಾಮಿಯ ಗುಹೆಗಳನ್ನೇ ನೋಡಿ. ಮೊದಲನೆಯದರಲ್ಲಿ ಹದಿನೆಂಟು ಕೈಗಳ ನಟರಾಜ, ಮೂರನೆಯದರಲ್ಲಿ ಚಾಲುಕ್ಯರ ಮಂಗಲೇಶನ ಕ್ರಿ.ಶ. 578ರ ಶಾಸನದೊಂದಿಗೆ ವಿಷ್ಣು, ಅದರ ಪಕ್ಕದ ನಾಲ್ಕನೆಯದರಲ್ಲಿ ಜೈನ ತೀರ್ಥಂಕರರು. ಪ್ರವಾಸಕ್ಕೆ ಬಂದ ಶಾಲೆಯೊಂದರ ಮಕ್ಕಳು ಅಲ್ಲಿ ನಟರಾಜನ ಕೈಗಳನ್ನು ಎಣಿಸಿ ಎಣಿಸಿ ತಪ್ಪಿ ಜಗಳವಾಡುತ್ತಿದ್ದುದನ್ನು ನಾನು ಕಂಡಿದ್ದೇನೆ. ಅದೇ ಗುಂಪಿನ ಹುಡುಗಿಯೊಬ್ಬಳು ನಾಲ್ಕನೆಯ ಗುಹೆಯಲ್ಲಿ ಬಾಹುಬಲಿಯನ್ನು ತೋರಿಸಿ, “ಸರ್, ಇವರ ಕಾಲಿಗೆ ಬಳ್ಳಿ ಯಾಕೆ ಸುತ್ತೇತ್ರಿ?” ಎಂದು ಕೇಳಿದಳು. “ಅದು ಜೈನರದು, ಮುಂದ ನಡಿ,” ಎಂದರು ಮಾಸ್ತರರು. ಮಂಗಗಳ ಕಾಟ, ಬಸ್ಸಿನ ಹೊತ್ತು, ಅವರ ಅವಸರ ನನಗೂ ಅರ್ಥವಾಗುತ್ತದೆ. ಆದರೆ ವರ್ಷವಿಡೀ ಪಿರಿಯಡ್ ನಡೆಸಿದರೂ ಹುಟ್ಟದ ಪ್ರಶ್ನೆ ಅಲ್ಲಿ ತಾನಾಗಿ ಹುಟ್ಟಿತ್ತು.

ಮೊಹರಮ್ಮಿನಲ್ಲಿ ಅಲಾಯಿ ದೇವರಿಗೆ ಹರಕೆ ಹೊತ್ತು ಫಕೀರರಾಗುವ ಹಿಂದೂ ಮನೆತನದ ಮಕ್ಕಳು ನಮ್ಮ ಹಳ್ಳಿಗಳಲ್ಲಿ ಇಂದಿಗೂ ಇದ್ದಾರೆ. ತಾವು ತಿಂದ ಚೊಂಗೆ ಎಂಬ ಹಬ್ಬದ ಸಿಹಿ ಯಾರ ನೆನಪಿನದು, ಕರ್ಬಲಾದಲ್ಲಿ ನಡೆದದ್ದೇನು ಎಂಬುದನ್ನು ಅವರಿಗೆ ಸಮಾಜ ವಿಜ್ಞಾನದ ಪಾಠದ ನಡುವೆಯೇ ತಿಳಿಸಬಹುದು. ಪೂಜೆ, ನಮಾಜು, ವ್ರತಗಳನ್ನು ಕಲಿಸಲು ಮನೆಯಿದೆ, ಮಠವಿದೆ, ಮಸೀದಿಯಿದೆ. ಶಿಕ್ಷಕರ ತರಬೇತಿಯಲ್ಲಿ ತನ್ನದಲ್ಲದ ಧರ್ಮದ ಬಗ್ಗೆ ಮಗು ಕೇಳಿದ ಪ್ರಶ್ನೆಗೆ ಅಳುಕದೆ, ಹಂಗಿಸದೆ ಉತ್ತರಿಸುವುದನ್ನು ಕಲಿಸಿದರೆ ಹೊಸ ಪಿರಿಯಡ್ಡಿನ ಅಗತ್ಯವೇ ಬೀಳುವುದಿಲ್ಲ ಎಂಬುದು ನನ್ನ ಅಭಿಪ್ರಾಯ.