ಚೀನೀಯರು ‘ಓಪನ್ ದ ಲೈಟ್’ ಅನ್ನೋದು ಯಾಕೆ?

ಚೀನೀ ವಿದ್ಯಾರ್ಥಿಗಳಿಗೆ ಇಂಗ್ಲಿಷ್ ಹೇಳಿಕೊಡುವವರ ಮಾಮೂಲಿ ಪ್ರಶ್ನೆ ಇದು: ‘ದೀಪ ಹಾಕು ಅನ್ನೋದಕ್ಕೆ ಎಷ್ಟು ತಿದ್ದಿದರೂ ಓಪನ್ ದ ಲೈಟ್ ಅಂತಾರೆ, ಬಿಡಿಸೋದು ಹೇಗೆ?’

ಇದರ ಬೇರು ಚೀನೀಯರ ಭಾಷೆ ಮ್ಯಾಂಡರಿನ್‌ನ ‘ಖಾಯ್’ ಎಂಬ ಕ್ರಿಯಾಪದದಲ್ಲಿದೆ. ಬಾಗಿಲು ತೆಗೆಯೋದಕ್ಕೂ ಖಾಯ್, ದೀಪ ಹಾಕೋದಕ್ಕೂ ಖಾಯ್. ಕಾರು ಓಡಿಸೋದು, ಮೀಟಿಂಗ್ ಮಾಡೋದು, ಹೂ ಅರಳೋದು, ಡಾಕ್ಟರು ಮದ್ದು ಬರೆದುಕೊಡೋದು, ಎಲ್ಲಕ್ಕೂ ಅದೇ. ಕುದಿಸಿದ ನೀರು ಕೂಡ ‘ಖಾಯ್ ಶ್ವೇ’. ಆರಿಸೋದಕ್ಕೂ ಮುಚ್ಚೋದಕ್ಕೂ ‘ಕ್ವಾನ್’ ಒಂದೇ. ಹಾಗಾಗಿ ‘ಕ್ಲೋಸ್ ದ ಟಿವಿ’ ಹಿಂದೆಯೇ ಬರುತ್ತದೆ. ನಗುವ ಹಾಗಿಲ್ಲ, ‘ಫ್ಯಾನ್ ಹಾಕು’ ಅಂತ ಬೆಳೆದ ನಾವೂ ‘ಪುಟ್ ದ ಫ್ಯಾನ್’ ಅಂದವರೇ.

ಖಾಯ್ ಅಂದರೆ ಓಪನ್ ಅಂತ ಪಟ್ಟಿ ಬರೆಸಿದರೆ ತಪ್ಪು ಇನ್ನಷ್ಟು ಗಟ್ಟಿಯಾಗುತ್ತದೆ. ಅದರ ಬದಲು ಕೈ ಏನು ಮಾಡುತ್ತಿದೆ ಅಂತ ಕೇಳಿ. ಮುಚ್ಚಳ, ಬಾಗಿಲು, ರೆಪ್ಪೆ ಸರಿದು ಒಳಗಿನದು ಕಂಡರೆ ಓಪನ್. ಕರೆಂಟು, ಗ್ಯಾಸು, ನೀರು ಹರಿಯತೊಡಗಿದರೆ ಟರ್ನ್ ಆನ್. ಸ್ವಿಚ್ ಆನ್ ಕರೆಂಟಿನ ವಸ್ತುಗಳಿಗೆ ಮಾತ್ರ, ನಲ್ಲಿಗೆ ಸಲ್ಲದು. ಪಾಠಕ್ಕೆ ಲ್ಯಾಪ್‌ಟಾಪ್‌ಗಿಂತ ಒಳ್ಳೆಯ ವಸ್ತು ಇಲ್ಲ: ಮುಚ್ಚಳ ಎತ್ತಿದಾಗ ಓಪನ್, ಬಟನ್ ಒತ್ತಿದಾಗ ಟರ್ನ್ ಆನ್, ಆಮೇಲೆ ಫೈಲಿಗೆ ಮತ್ತೆ ಓಪನ್. ಹತ್ತು ಸಲ ಕೈಯಿಂದ ಮಾಡುತ್ತಾ ಬಾಯಲ್ಲಿ ಹೇಳಿಸಿ. ‘ಓಪನ್ ದ ಟಿವಿ’ ಅಂದರೆ ಇಂಗ್ಲಿಷಿನವರಿಗೆ ಸ್ಕ್ರೂ ಡ್ರೈವರ್ ನೆನಪಾಗುತ್ತದೆ.

ಟರ್ನ್ ಆನ್ ಬಂದ ಮೇಲೆ ಹೊಸ ತಪ್ಪು ಶುರು. ‘ಟರ್ನ್ ಆನ್ ದ ಲೈಟ್’, ‘ಟರ್ನ್ ದ ಲೈಟ್ ಆನ್’ ಎರಡೂ ಸರಿ. ಆದರೆ ‘ಇಟ್’ ಬಂದರೆ ನಡುವೆಯೇ ಕೂರಬೇಕು: ‘ಟರ್ನ್ ಇಟ್ ಆನ್’. ‘ಟರ್ನ್ ಆನ್ ಇಟ್’ ತಪ್ಪು.

ನಿಜವಾಗಿ ಹೆಚ್ಚು ದಿನ ಕಾಡೋದು ಇದಲ್ಲ, ಅಂಗಡಿ. ‘ದ ಶಾಪ್ ಈಸ್ ಕ್ಲೋಸ್ಡ್’ ಕಲಿತವರು ಅದೇ ಅಚ್ಚಿನಲ್ಲಿ ‘ಈಸ್ ಓಪನ್ಡ್’ ಅಂತಾರೆ. ತೆರೆದಿದೆ ಅನ್ನೋ ಸ್ಥಿತಿಗೆ ಬರೀ ‘ಓಪನ್’ ಸಾಕು. ‘ಓಪನ್ಡ್’ ನಡೆದುಹೋದ ಘಟನೆಗೆ, ‘ಇಟ್ ಓಪನ್ಡ್ ಅಟ್ ನೈನ್’ ಅನ್ನೋ ಹಾಗೆ. ಅತ್ತ ‘ಈಸ್ ಕ್ಲೋಸ್’ ಅಂದರೆ ಹತ್ತಿರದಲ್ಲಿದೆ ಅಂತ ಅರ್ಥ, ಕೊನೆಯ ಉಚ್ಚಾರವೂ ಬೇರೆ. ನಿಯಮ ಹೇಳೋದಕ್ಕಿಂತ ಅಂಗಡಿ ಬಾಗಿಲಿಗೆ ನೇತುಹಾಕುವ ಬೋರ್ಡನ್ನೇ ತಿರುಗಿಸಿ ತೋರಿಸಿ: ಒಂದು ಕಡೆ ಓಪನ್, ಇನ್ನೊಂದು ಕಡೆ ಕ್ಲೋಸ್ಡ್.