ಆಷಾಢದ ಗಾಳಿಯಲ್ಲಿ ಹುಬ್ಬಳ್ಳಿಗೆ ಇಳಿಯುವಾಗ

ಬೆಂಗಳೂರಿನಿಂದ ಹುಬ್ಬಳ್ಳಿಗೆ ವಿಮಾನದಲ್ಲಿ ತಾಸಿನ ಮೇಲೆ ಒಂದಿಷ್ಟು ನಿಮಿಷ. ಜನವರಿಯಲ್ಲಾದರೆ ಇದರ ಬಗ್ಗೆ ಬರೆಯುವಂಥದ್ದೇನೂ ಇಲ್ಲ. ಜುಲೈನಲ್ಲಿ ಎಟಿಆರ್ (ಎರಡು ಪ್ರೊಪೆಲ್ಲರ್‌ಗಳ ಪುಟ್ಟ ವಿಮಾನ) ಹತ್ತಿದವರು ಮಾತ್ರ ಕೊನೆಯ ಹತ್ತು ನಿಮಿಷ ಬೆಲ್ಟ್ ಬಿಗಿಯಾಗಿಯೇ ಇಟ್ಟುಕೊಳ್ಳಬೇಕು.

ಹುಬ್ಬಳ್ಳಿ ಇರುವುದು ಸುಮಾರು 660 ಮೀಟರ್ ಎತ್ತರದಲ್ಲಿ, ಘಟ್ಟದ ಮೂಡಣ ಸೆರಗಿನಲ್ಲಿ. ಘಟ್ಟ ಹತ್ತಿ ಬಂದ ಗಾಳಿ ಇಲ್ಲಿ ಬಯಲಿಗೆ ಬೀಳುತ್ತದೆ, ಮೋಡವೂ ತಗ್ಗಿನಲ್ಲೇ ಓಡುತ್ತಿರುತ್ತದೆ. ಗೋಕುಲ ರಸ್ತೆಯ ವಿಮಾನ ನಿಲ್ದಾಣದ ರನ್‌ವೇ ಹೆಚ್ಚುಕಡಿಮೆ ಪೂರ್ವ-ಪಶ್ಚಿಮ ಚಾಚಿದೆ. ಆದ್ದರಿಂದ ಮಳೆಗಾಲದಲ್ಲಿ ವಿಮಾನ ಸಾಮಾನ್ಯವಾಗಿ ಪೂರ್ವಕ್ಕಿರುವ ಊರಿನ ಕಡೆಯಿಂದ, ಪಶ್ಚಿಮದ ಗಾಳಿಗೆ ಎದುರಾಗಿ ಇಳಿಯುತ್ತದೆ. ಗಾಳಿ ನೆಟ್ಟಗೆ ಪಶ್ಚಿಮದಿಂದ ಬಂದರೆ ಅನುಕೂಲವೇ. ನೈಋತ್ಯಕ್ಕೆ ಹೊರಳಿ ಬಿಟ್ಟುಬಿಟ್ಟು ಹೊಡೆದರೆ ಫಜೀತಿ.

ಆಗ ಪೈಲಟ್ ಮೂತಿಯನ್ನು ಗಾಳಿಯತ್ತ, ಅಂದರೆ ಎಡಕ್ಕೆ, ಓರೆ ಮಾಡಿಕೊಂಡೇ ಬರುತ್ತಾರೆ. ನೆಲ ಮುಟ್ಟುವ ಕ್ಷಣಕ್ಕೆ ಸರಿಯಾಗಿ ರಡ್ಡರ್ (ಮೂತಿಯನ್ನು ಎಡ-ಬಲ ತಿರುಗಿಸುವ ಬಾಲದ ಪಟ್ಟಿ) ಒತ್ತಿ ನೇರ ಮಾಡಿ, ಎಡ ರೆಕ್ಕೆ ತುಸು ತಗ್ಗಿಸುತ್ತಾರೆ. ಎಟಿಆರ್‌ನ ರೆಕ್ಕೆ ಮೇಲಿರುವುದರಿಂದ ನಡುವಿನ ಕಿಟಕಿಯಿಂದ ಚಕ್ರ ಕಾಣುತ್ತದೆ: ಎಡಗಾಲಿ ಮೊದಲು ತಾಗಿ ನೀರು ಸಿಡಿದು, ಆಮೇಲೆ ಬಲಗಾಲಿ, ಕೊನೆಗೆ ಮುಂಗಾಲಿ. ‘ಧಡ್’ ಎಂದು ಇಳಿದರೆ ಪೈಲಟ್‌ಗೆ ಬೈಯುವವರೇ ಹೆಚ್ಚು. ಒದ್ದೆ ರನ್‌ವೇ ಮೇಲೆ ಹಾಗೆ ಗಟ್ಟಿಯಾಗಿ ಇಳಿಸುವುದೇ ಸರಿ. ಮೆಲ್ಲಗೆ ಇಳಿಸಿದರೆ ಟೈರ್ ನೀರಿನ ಪದರದ ಮೇಲೆ ಜಾರಬಹುದು, ಬ್ರೇಕ್ ಹಿಡಿಯದೆ ಹೋಗಬಹುದು. ಇಳಿದ ಕೂಡಲೇ ಕೇಳುವ ಆರ್ಭಟ ಪ್ರೊಪೆಲ್ಲರ್ ಅಲಗುಗಳ ಕೋನ ಬದಲಾಗಿ ವೇಗ ತಗ್ಗಿಸುವ ಸದ್ದು.

ಜನ ನಿಜಕ್ಕೂ ಅಂಜುವುದು ಮನೆಗಳ ತಾರಸಿ ಕಂಡ ಮೇಲೆ ಎಂಜಿನ್ ಒಮ್ಮೆಲೇ ಮೊರೆದು ವಿಮಾನ ಮತ್ತೆ ಮೋಡಕ್ಕೆ ನುಗ್ಗಿದಾಗ. “ಯಪ್ಪಾ, ಮತ್ತ ಮ್ಯಾಲ ಹೊಂಟೈತಲ್ರೀ!” ನಿಗದಿಯಾದ ಎತ್ತರಕ್ಕೆ ಇಳಿದರೂ ರನ್‌ವೇ ಅಥವಾ ಅದರ ದೀಪ ಕಾಣದಿದ್ದರೆ, ಇಲ್ಲವೇ ಗಾಳಿ ವಿಮಾನವನ್ನು ದಾರಿ ತಪ್ಪಿಸಿದರೆ, ಮೇಲೇರಲೇಬೇಕು. ಅದು ನಿಯಮ. ಪೂರ್ತಿ ಪವರ್, ಮೂತಿ ಮೇಲೆ, ಫ್ಲ್ಯಾಪ್ (ಇಳಿಯಲು ಚಾಚಿದ ರೆಕ್ಕೆಯ ಹಿಂಬದಿಯ ಪಟ್ಟಿ) ಒಂದು ಹಂತ ಒಳಗೆ, ಚಕ್ರ ಒಳಗೆ: ಎಲ್ಲ ಕೆಲವೇ ಸೆಕೆಂಡುಗಳಲ್ಲಿ. ಆ ಹೊತ್ತಿನಲ್ಲಿ ಕಾಕ್‌ಪಿಟ್‌ನವರಿಗೆ ಪುರುಸೊತ್ತಿರುವುದಿಲ್ಲ, ಅದಕ್ಕೇ ಪ್ರಕಟಣೆ ತಡ. ಆ ಮೌನವೇ ಅರ್ಧ ಹೆದರಿಕೆ.

ಹೆದರಿಕೆ ಪೂರಾ ಸುಳ್ಳೂ ಅಲ್ಲ. 2015ರ ಮಾರ್ಚ್‌ನಲ್ಲಿ ಮಳೆಯಲ್ಲಿ ಇಳಿದ ವಿಮಾನವೊಂದು ಇಲ್ಲಿ ರನ್‌ವೇ ಬಿಟ್ಟು ಪಕ್ಕಕ್ಕೆ ಹೋಗಿತ್ತು. 2021ರ ಜೂನ್‌ನಲ್ಲಿ ಕಣ್ಣೂರಿನಿಂದ ಬಂದ ಎಟಿಆರ್ ಅಡ್ಡಗಾಳಿಗೆ ಒಮ್ಮೆ ಮೇಲೇರಿ, ಮರಳಿ ಇಳಿದಾಗ ಟೈರ್ ಸಿಡಿಯಿತು. ಎರಡರಲ್ಲೂ ಜೀವಹಾನಿ ಇಲ್ಲ. ಮೊದಲಿನ ಗಿಡ್ಡ ರನ್‌ವೇ ಈಗ 2,600 ಮೀಟರ್ ಆಗಿದೆ. ಎಟಿಆರ್‌ಗೆ ಇದು ಧಾರಾಳ.

ಒಂದೆರಡು ಸಲ ಇಳಿಯಲು ಆಗದಿದ್ದರೆ ಬೇರೆ ಊರಿಗೆ ಒಯ್ಯುತ್ತಾರೆ. ಬೆಳಗಾವಿ ಹತ್ತಿರ, ಆದರೆ ಅಲ್ಲೂ ಅದೇ ಮೋಡ ಕವಿದಿದ್ದರೆ ಮರಳಿ ಬೆಂಗಳೂರೇ ಗತಿ. ಗುಳಿಗೆ, ಚಾರ್ಜರ್ ಕೈಚೀಲದಲ್ಲೇ ಇರಲಿ. ಕುಲುಕಾಟ ಕಡಿಮೆ ಬೇಕಾದವರು ರೆಕ್ಕೆಯ ಬಳಿಯ ಸೀಟು ಹಿಡಿಯಿರಿ, ಹಿಂದಿನ ಸಾಲು ಬೇಡ. ಅದೇ ದಿನ ಧಾರವಾಡದ ಕೋರ್ಟಿನಲ್ಲೋ ಗದಗದ ಲಗ್ನದಲ್ಲೋ ಹಾಜರಿರಲೇಬೇಕಾದವರು ಹಿಂದಿನ ರಾತ್ರಿಯ ರೈಲು ಹತ್ತುವುದು ಲೇಸು.